ಹೆಪಟೈಟಿಸ್ ಬಿ, ಸಿ: ಔಷಧಿ ಹಿಡಿಯುತ್ತಾ ಇಲ್ವಾ ಅಂತ ರಕ್ತ ಮೊದಲೇ ಹೇಳುತ್ತಾ?

ಹೆಪಟೈಟಿಸ್ ಬಿ ವೈರಸ್ ಲಿವರನ್ನು ನೇರವಾಗಿ ಹಾಳುಮಾಡುವುದಿಲ್ಲ. ಅದು ಲಿವರಿನ ಜೀವಕೋಶದೊಳಗೆ ಹೊಕ್ಕು, ಅಲ್ಲೇ ಬೀಡುಬಿಟ್ಟು, ವರ್ಷಗಟ್ಟಲೆ ಸುಮ್ನೆ ಇದ್ದುಬಿಡಬಲ್ಲದು. ಆ ಕೋಶ ಸಾಯುವುದು ನಮ್ಮದೇ ರೋಗನಿರೋಧಕ ಪಡೆ ಅದನ್ನು ಗುರುತಿಸಿ ಮೇಲೆ ಬಿದ್ದಾಗ. ಈ ದಾಳಿ ಜೋರಾಗಿ ನಡೆದು ಬೇಗ ಮುಗಿದರೆ ಕಾಯಿಲೆ ವಾಸಿ. ಅರೆಮನಸ್ಸಿನಿಂದ ಇಪ್ಪತ್ತು ಮೂವತ್ತು ವರ್ಷ ಎಳೆದಾಡಿದರೆ ಲಿವರ್ ಗಟ್ಟಿಯಾಗಿ, ಗಂಟುಗಂಟಾಗಿ, ಸಿರೋಸಿಸ್ ಆಗುತ್ತದೆ. ಕೆಲವರಿಗೆ ಕ್ಯಾನ್ಸರ್ ಕೂಡ.

ಅಂದಮೇಲೆ ವೈರಸ್ ಎಷ್ಟಿದೆ ಎನ್ನುವುದು ಅರ್ಧ ಕಥೆ ಅಷ್ಟೇ. ದೇಹ ಅದರ ಜೊತೆ ಹೇಗೆ ಕಾದಾಡುತ್ತಿದೆ ಎನ್ನುವುದು ಇನ್ನರ್ಧ. ಈ ಇನ್ನರ್ಧವನ್ನು ರಕ್ತದಲ್ಲಿ ಅಳೆದು, ಯಾರಿಗೆ ಔಷಧಿ ಹಿಡಿಯುತ್ತದೆ, ಯಾರಿಗೆ ಹಿಡಿಯುವುದಿಲ್ಲ ಎಂದು ಮೊದಲೇ ಹೇಳಲು ವಿಜ್ಞಾನಿಗಳು ದಶಕಗಳಿಂದ ಪ್ರಯತ್ನಿಸುತ್ತಿದ್ದಾರೆ. ಹೊಸ ಸೂಚಕ ಸಿಕ್ಕಿತು ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅದರಲ್ಲಿ ಯಾವುದನ್ನು ನಂಬಬೇಕು? ಇಷ್ಟು ವರ್ಷದ ಅನುಭವದಿಂದ ಒಂದು ಮಾತಂತೂ ಗಟ್ಟಿಯಾಗಿದೆ ಎನ್ನುವುದು ನನ್ನ ಅಭಿಪ್ರಾಯ. ಒಂದು ಸೂಚಕಕ್ಕೆ ಎಷ್ಟು ಬೆಲೆ ಎಂದು ತೀರ್ಮಾನಿಸುವುದು ನಾವು ಕೊಡುತ್ತಿರುವ ಔಷಧಿ. ಔಷಧಿ ಬದಲಾದರೆ ಸೂಚಕದ ಬೆಲೆಯೂ ಬದಲಾಗುತ್ತದೆ.

ಇದು ಬರೀ ಲ್ಯಾಬಿನೊಳಗಿನ ಚರ್ಚೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ, 2022ರಲ್ಲಿ ಜಗತ್ತಿನ 25.4 ಕೋಟಿ ಜನರಿಗೆ ಹೆಪಟೈಟಿಸ್ ಬಿ, 5 ಕೋಟಿ ಜನರಿಗೆ ಹೆಪಟೈಟಿಸ್ ಸಿ ಇತ್ತು. ಭಾರತದಲ್ಲೇ ಬಿ ಇರುವವರು ಸುಮಾರು 2.98 ಕೋಟಿ, ಸಿ ಇರುವವರು 55 ಲಕ್ಷ. ಆ ಒಂದು ವರ್ಷದಲ್ಲಿ ವೈರಲ್ ಹೆಪಟೈಟಿಸ್‌ನಿಂದ ಸತ್ತವರು 13 ಲಕ್ಷ ಜನ.

ಸಿ ಕಲಿಸಿದ ಪಾಠ

ಹೆಪಟೈಟಿಸ್ ಸಿ ವೈರಸ್ಸಿನ ಗುರುತು ಸಿಕ್ಕಿದ್ದು 1989ರಲ್ಲಿ. ಈ ವೈರಸ್ ಮೇಲಿನ ಕೆಲಸಕ್ಕೆ ಹಾರ್ವಿ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಬಂತು. ತುಂಬಾ ವರ್ಷ ಇದಕ್ಕೆ ಇದ್ದ ಮುಖ್ಯ ಔಷಧಿ ಇಂಟರ್‌ಫೆರಾನ್. ವೈರಸ್ ಕಂಡಾಗ ನಮ್ಮ ಜೀವಕೋಶಗಳೇ ತಯಾರಿಸುವ ಪ್ರೋಟೀನು ಇದು. ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುವುದು ಇದರ ಕೆಲಸ. ಅದನ್ನೇ ಹೊರಗಿನಿಂದ ಚುಚ್ಚುತ್ತಿದ್ದರು. ವಾರಕ್ಕೊಂದು ಇಂಜೆಕ್ಷನ್, ದಿನವೂ ರಿಬಾವಿರಿನ್ ಮಾತ್ರೆ, ಜೀನೋಟೈಪ್ 1 (ವೈರಸ್ಸಿನ ಒಂದು ತಳಿ) ಇದ್ದರೆ ಒಟ್ಟು 48 ವಾರ. ಜ್ವರ, ಮೈಕೈ ನೋವು, ರಕ್ತಹೀನತೆ, ಮನಸ್ಸು ಕುಗ್ಗುವುದು, ಎಲ್ಲ ಅನುಭವಿಸಿದ ಮೇಲೆ ಜೀನೋಟೈಪ್ 1ರಲ್ಲಿ ವಾಸಿಯಾಗುತ್ತಿದ್ದವರು ನೂರಕ್ಕೆ 40ರಿಂದ 50 ಜನ.

ಅರ್ಧದಷ್ಟು ಜನ ಸುಮ್ನೆ ಒಂದು ವರ್ಷ ನರಳುತ್ತಿದ್ದರು. ಹಾಗಾಗಿ ಯಾರಿಗೆ ಹಿಡಿಯುತ್ತದೆ ಎಂದು ಮೊದಲೇ ತಿಳಿಯುವುದು ಆಗ ನಿಜವಾದ ತುರ್ತು.

2009ರಲ್ಲಿ ದೊಡ್ಡ ಸುಳಿವು ಸಿಕ್ಕಿತು. 19ನೇ ಕ್ರೋಮೋಸೋಮಿನಲ್ಲಿ ಐಎಲ್28ಬಿ ಎಂಬ ಜೀನಿನ ಹತ್ತಿರ ಒಂದೇ ಒಂದು ಅಕ್ಷರದ ವ್ಯತ್ಯಾಸ. ಅಲ್ಲಿ 'ಸಿಸಿ' ಮಾದರಿ ಇದ್ದವರು ಇಂಟರ್‌ಫೆರಾನ್‌ನಿಂದ ವಾಸಿಯಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಪೂರ್ವ ಏಷ್ಯಾದವರಲ್ಲಿ ಈ ಮಾದರಿ ಜಾಸ್ತಿ, ಆಫ್ರಿಕನ್ ಮೂಲದವರಲ್ಲಿ ಕಡಿಮೆ. ಅಮೆರಿಕದಲ್ಲಿ ಕಪ್ಪುಜನರಿಗೆ ಈ ಚಿಕಿತ್ಸೆ ಯಾಕೆ ಅಷ್ಟಾಗಿ ಹಿಡಿಯುವುದಿಲ್ಲ ಎಂಬ ಹಳೆಯ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಸಿಕ್ಕಿತು.

ಇನ್ನೊಂದು ಸೂಚಕ ಐಪಿ-10. ಸೋಂಕು ತಗುಲಿದ ಲಿವರ್ 'ಇಲ್ಲಿಗೆ ಬನ್ನಿ' ಎಂದು ಬಿಳಿ ರಕ್ತಕಣಗಳನ್ನು ಕರೆಯಲು ಬಿಡುವ ರಾಸಾಯನಿಕ ಇದು. ಇದು ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ, ದೇಹ ಕಾದಾಡುತ್ತಿದೆ ಎಂದಲ್ವಾ ಅನಿಸುತ್ತದೆ. ಆದದ್ದು ತಿರುಗುಮುರುಗು. ಚಿಕಿತ್ಸೆಗೆ ಮೊದಲೇ ಐಪಿ-10 ಹೆಚ್ಚಿದ್ದವರಿಗೆ ಇಂಟರ್‌ಫೆರಾನ್ ಹಿಡಿಯುವುದು ಕಡಿಮೆ. ಒಂದು ಮಿಲಿಲೀಟರಿಗೆ 600 ಪಿಕೋಗ್ರಾಂ ದಾಟಿದ್ದರೆ ಆಸೆ ಕಡಿಮೆ ಎಂದು ಕೆಲವು ಅಧ್ಯಯನಗಳು ಗೆರೆ ಎಳೆದವು. ಇದಕ್ಕೆ ಕಾರಣವೂ ಇದೆ. ಇಂಥವರ ಲಿವರಿನಲ್ಲಿ ಇಂಟರ್‌ಫೆರಾನ್ ವ್ಯವಸ್ಥೆ ಆಗಲೇ ಪೂರ್ತಿ ಚಾಲೂ ಆಗಿರುತ್ತದೆ. ವೈರಸ್ ಅದಕ್ಕೂ ಜಗ್ಗದೆ ಕೂತಿರುತ್ತದೆ. ಅದರ ಮೇಲೆ ಇನ್ನಷ್ಟು ಇಂಟರ್‌ಫೆರಾನ್ ಸುರಿದರೆ ಹೊಸದಾಗಿ ಆಗುವುದು ಬಹಳ ಕಡಿಮೆ.

ಆಮೇಲೆ ಬಂತು ಸೋಫೋಸ್‌ಬುವಿರ್. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 12 ವಾರದ ಕೋರ್ಸಿಗೆ ಅಲ್ಲಿ 84,000 ಡಾಲರ್, ಒಂದು ಮಾತ್ರೆಗೆ ಸಾವಿರ ಡಾಲರ್. 2014ರ ಸೆಪ್ಟೆಂಬರಿನಲ್ಲಿ ಗಿಲಿಯಡ್ ಕಂಪನಿ ಭಾರತದ ಕೆಲವು ತಯಾರಕರಿಗೆ ಪರವಾನಗಿ ಕೊಟ್ಟ ಮೇಲೆ ಇಲ್ಲಿ ಬೆಲೆ ಕುಸಿಯಿತು. ಡಕ್ಲಾಟಾಸ್ವಿರ್‌ನಂಥ ಇನ್ನೊಂದು ಮಾತ್ರೆ ಜೊತೆಗೆ ಸೇರಿದಾಗ ನೂರಕ್ಕೆ 95ರಷ್ಟು ಜನ ವಾಸಿಯಾಗುತ್ತಿದ್ದಾರೆ. ಇಂಜೆಕ್ಷನ್ ಇಲ್ಲ, ಜ್ವರ ಇಲ್ಲ.

ಆಗ ಐಎಲ್28ಬಿ ಏನಾಯಿತು? ಯಾರೂ ಆ ಟೆಸ್ಟ್ ಬರೆಯುವುದನ್ನೇ ಬಿಟ್ಟರು. ಅದು ಸುಳ್ಳು ಎಂದು ಸಾಬೀತಾಗಲಿಲ್ಲ. ಇಂಟರ್‌ಫೆರಾನ್ ಕೆಲಸ ಮಾಡಬೇಕಾದರೆ ರೋಗಿಯ ದೇಹ ಕೈಜೋಡಿಸಬೇಕಿತ್ತು. ಅದಕ್ಕೇ ದೇಹದ ಗುಣ ಮುಖ್ಯವಾಗಿತ್ತು. ಹೊಸ ಮಾತ್ರೆಗಳು ವೈರಸ್ಸಿನ ಸ್ವಂತ ಯಂತ್ರಕ್ಕೇ ಕೈ ಹಾಕುತ್ತವೆ. ಸಿಸಿ ಮಾದರಿಯವರಿಗೂ ಇಲ್ಲದವರಿಗೂ ಹೆಚ್ಚುಕಡಿಮೆ ಒಂದೇ ಫಲಿತಾಂಶ. ಐದಾರು ವರ್ಷ ಎಲ್ಲ ಸಮ್ಮೇಳನಗಳಲ್ಲೂ ಮೆರೆದ ಸೂಚಕ ಒಂದು ಒಳ್ಳೆಯ ಮಾತ್ರೆ ಬಂದೊಡನೆ ಮೂಲೆ ಸೇರಿತು. ಇದಕ್ಕಿಂತ ಸಂತೋಷದ ನಿವೃತ್ತಿ ಒಂದು ಟೆಸ್ಟಿಗೆ ಬೇರೆ ಇಲ್ಲ.

ಆದರೆ ದೇಹದ ಪಾತ್ರ ಪೂರ್ತಿ ಮುಗಿದಿರಲಿಲ್ಲ. 2016ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಮಾತ್ರೆಗಳ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಬಿ ಮತ್ತು ಸಿ ಎರಡೂ ಇದ್ದ 24 ಜನರಲ್ಲಿ ಸಿ ಇಳಿಯುತ್ತಿದ್ದಂತೆ ಮಲಗಿದ್ದ ಬಿ ಎದ್ದು ಕೂತಿತ್ತು. ಇಬ್ಬರು ಸತ್ತಿದ್ದರು, ಒಬ್ಬರಿಗೆ ಲಿವರ್ ಕಸಿ ಮಾಡಬೇಕಾಯಿತು. ಸಿ ವೈರಸ್ ಇರುವ ತನಕ ಲಿವರಿನಲ್ಲಿ ಇಂಟರ್‌ಫೆರಾನ್ ಎಚ್ಚರ ಇರುತ್ತದೆ. ಅದು ಬಿ ವೈರಸ್ಸನ್ನೂ ಅದುಮಿಟ್ಟಿರುತ್ತದೆ. ಸಿ ಹೋದಾಗ ಆ ಎಚ್ಚರವೂ ಇಳಿಯುತ್ತದೆ. ಸಿ ಚಿಕಿತ್ಸೆ ಶುರುಮಾಡುವ ಮೊದಲು ಬಿ ಪರೀಕ್ಷೆ ಕಡ್ಡಾಯ ಎನ್ನುವುದು ಇದಕ್ಕೇ.

ಸಿ ವಾಸಿಯಾದವರು ಇನ್ನೊಂದು ವಿಷಯ ತಿಳಿದಿರಬೇಕು. ಸಿ ಪ್ರತಿಕಾಯದ ಟೆಸ್ಟ್ ವಾಸಿಯಾದ ಮೇಲೂ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಅದು ಹಳೆಯ ಸೋಂಕಿನ ನೆನಪು ಅಷ್ಟೇ. ಮಾತ್ರೆ ಮುಗಿದು 12 ವಾರ ಆದ ಮೇಲೆ ಆರ್‌ಎನ್‌ಎ ಟೆಸ್ಟಿನಲ್ಲಿ ವೈರಸ್ ಕಾಣದಿದ್ದರೆ ವಾಸಿ ಎಂದೇ ಅರ್ಥ. ಕರಾವಳಿಯಿಂದ ಗಲ್ಫ್‌ಗೆ ಕೆಲಸಕ್ಕೆ ಹೊರಟವರಿಗೆ ಮೆಡಿಕಲ್ ಟೆಸ್ಟಿನಲ್ಲಿ ಈ ಪ್ರತಿಕಾಯ ಕಂಡರೆ ಎದೆ ಧಸಕ್ಕೆನ್ನುತ್ತದೆ. ಅಂಥವರು ಆರ್‌ಎನ್‌ಎ ರಿಪೋರ್ಟನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಬಿ ಯಾಕೆ ಹಾಗಲ್ಲ

ಹೆಪಟೈಟಿಸ್ ಬಿಗೆ ಸೋಫೋಸ್‌ಬುವಿರ್‌ನಂಥ ಮಾತ್ರೆ ಇಲ್ಲ. ಟೆನೋಫೋವಿರ್, ಎಂಟೆಕಾವಿರ್ ಇವೆ. ತುಂಬಾ ಒಳ್ಳೆಯ ಮಾತ್ರೆಗಳು. ರಕ್ತದಲ್ಲಿ ವೈರಸ್ ಸಿಗದಷ್ಟು ಕೆಳಕ್ಕೆ ಇಳಿಸುತ್ತವೆ, ಸಿರೋಸಿಸ್ಸನ್ನು ತಡೆಯುತ್ತವೆ, ಕ್ಯಾನ್ಸರ್ ಸಾಧ್ಯತೆ ಕಡಿಮೆ ಮಾಡುತ್ತವೆ. ಆದರೆ ಬಿ ವೈರಸ್ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಸಿಸಿಸಿ ಡಿಎನ್‌ಎ ಎಂಬ ಸುತ್ತಿದ ಉಂಗುರವಾಗಿ ಅವಿತಿರುತ್ತದೆ. ಹೊಲದಲ್ಲಿ ಜೇಕು ಕಿತ್ತ ಹಾಗೆ: ಮೇಲಿನ ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಮಣ್ಣಲ್ಲೇ ಉಳಿಯುತ್ತದೆ. ಮಾತ್ರೆ ನುಂಗುತ್ತಿದ್ದರೂ ರಕ್ತದಿಂದ ಎಚ್‌ಬಿಎಸ್‌ಎಜಿ (ವೈರಸ್ಸಿನ ಹೊರಕವಚದ ಪ್ರೋಟೀನು) ಮಾಯವಾಗುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಕಷ್ಟ. ಆ ಗಡ್ಡೆಯನ್ನು ಹತೋಟಿಯಲ್ಲಿ ಇಡಬಲ್ಲದ್ದು ಸದ್ಯಕ್ಕೆ ದೇಹದ ರೋಗನಿರೋಧಕ ಪಡೆಯೇ. ಹಾಗಾಗಿ ಬಿಯಲ್ಲಿ ದೇಹದ ಸೂಚಕಗಳಿಗೆ ಇನ್ನೂ ಬೆಲೆ ಇದೆ.

ಒಂದು ರಿಪೋರ್ಟನ್ನು ಕೈಯಲ್ಲಿ ಹಿಡಿದು ಓದೋಣ. ಇದು ಉದಾಹರಣೆಗೆ ಬರೆದದ್ದು, ಆದರೆ ಇಂಥದ್ದು ಲ್ಯಾಬುಗಳಿಂದ ದಿನವೂ ಬರುತ್ತದೆ. ಗಂಡಸು, 38 ವರ್ಷ. ಎಚ್‌ಬಿಎಸ್‌ಎಜಿ ರಿಯಾಕ್ಟಿವ್, ಅಂದರೆ ಪಾಸಿಟಿವ್. ಎಚ್‌ಬಿಇಎಜಿ ನಾನ್-ರಿಯಾಕ್ಟಿವ್. ಆ್ಯಂಟಿ-ಎಚ್‌ಬಿಇ ರಿಯಾಕ್ಟಿವ್. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) 18,000. ಲಿವರಿನ ಕಿಣ್ವ ಎಸ್‌ಜಿಪಿಟಿ 42, ಪಕ್ಕದಲ್ಲಿ 'ನಾರ್ಮಲ್ 50ರವರೆಗೆ' ಎಂದು ಅಚ್ಚಾಗಿದೆ.

ಮೇಲ್ನೋಟಕ್ಕೆ ಇದು ಸಮಾಧಾನದ ರಿಪೋರ್ಟು. ಎಚ್‌ಬಿಇಎಜಿ, ಅಂದರೆ ವೈರಸ್ ಜೋರಾಗಿ ಬೆಳೆಯುವಾಗ ಬಿಡುವ ಇ ಆ್ಯಂಟಿಜೆನ್ ಎಂಬ ಪ್ರೋಟೀನು, ಹೋಗಿದೆ, ಅದರ ವಿರುದ್ಧ ಪ್ರತಿಕಾಯ ಬಂದಿದೆ, ಎಸ್‌ಜಿಪಿಟಿ ನಾರ್ಮಲ್. 'ಏನೂ ತೊಂದರೆ ಇಲ್ಲ, ಕ್ಯಾರಿಯರ್ ಅಷ್ಟೇ' ಎಂದು ಎಷ್ಟೋ ಜನರನ್ನು ಮನೆಗೆ ಕಳಿಸಿರುವುದು ಇಂಥ ಕಾಗದ ನೋಡಿಯೇ. ಆದರೆ ಇ ಆ್ಯಂಟಿಜೆನ್ ಹೋದ ಮೇಲೂ 18,000 ವೈರಸ್ ಯಾಕಿದೆ? ವೈರಸ್ ತನ್ನ ಜೀನಿನಲ್ಲಿ ಸಣ್ಣ ಬದಲಾವಣೆ ಮಾಡಿಕೊಂಡು, ಇ ಆ್ಯಂಟಿಜೆನ್ ತಯಾರಿಸುವುದನ್ನು ನಿಲ್ಲಿಸಿ, ಉಳಿದ ವಂಶಾಭಿವೃದ್ಧಿ ಮುಂದುವರಿಸಿರಬಹುದು. ಭಾರತದಲ್ಲಿ ಹೆಚ್ಚಾಗಿ ಕಾಣುವ ಜೀನೋಟೈಪ್ ಡಿಯಲ್ಲಿ ಇದು ಮಾಮೂಲು. ಇನ್ನು ಆ 42. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ ಎಸ್‌ಜಿಪಿಟಿಯ ಮೇಲಿನ ಮಿತಿಯನ್ನು ಗಂಡಸರಿಗೆ 30, ಹೆಂಗಸರಿಗೆ 19 ಎಂದು ಹಿಡಿಯುತ್ತದೆ. ವೈರಲ್ ಲೋಡ್ 2,000 ದಾಟಿ, ಎಸ್‌ಜಿಪಿಟಿಯೂ ಈ ಮಿತಿ ದಾಟಿದ್ದರೆ ಚಿಕಿತ್ಸೆ ಕೊಡಿ ಎನ್ನುತ್ತದೆ. ಅಂದರೆ ಲ್ಯಾಬ್ ಕಾಗದದಲ್ಲಿ ಕೆಂಪು ಗುರುತೇ ಇಲ್ಲದ ಈ ಮನುಷ್ಯ ಮಾತ್ರೆ ಶುರುಮಾಡಬೇಕಾದವರ ಸಾಲಿನಲ್ಲಿ ಇದ್ದಾರೆ.

ಎಸ್‌ಜಿಪಿಟಿ ಎಂದರೆ ಸತ್ತ ಲಿವರ್ ಕೋಶಗಳಿಂದ ಸೋರಿದ ಕಿಣ್ವ. ಹೆಪಟೈಟಿಸ್ ಬಿಯಲ್ಲಿ ಕೋಶಗಳನ್ನು ಕೊಲ್ಲುವುದು ನಮ್ಮ ರೋಗನಿರೋಧಕ ಪಡೆಯೇ ಆದ್ದರಿಂದ, ಇದು ಒಂದು ರೀತಿಯಲ್ಲಿ ಆ ಪಡೆಯ ಕೆಲಸದ ಲೆಕ್ಕವೂ ಹೌದು. ಇ ಆ್ಯಂಟಿಜೆನ್ ಇನ್ನೂ ಇರುವವರಲ್ಲಿ, ಚಿಕಿತ್ಸೆಗೆ ಮುಂಚೆ ಎಸ್‌ಜಿಪಿಟಿ ಏರಿದ್ದರೆ ಆ ಆ್ಯಂಟಿಜೆನ್ ಕಳೆದುಕೊಳ್ಳುವ ಸಾಧ್ಯತೆ ಹೆಚ್ಚು. ತಾಯಿಯಿಂದ ಹುಟ್ಟಿನಲ್ಲೇ ಸೋಂಕು ಬಂದ ಇಪ್ಪತ್ತರ ಹರೆಯದವರಲ್ಲಿ ವೈರಲ್ ಲೋಡ್ ಕೋಟಿಗಟ್ಟಲೆ ಇದ್ದು ಎಸ್‌ಜಿಪಿಟಿ ತಣ್ಣಗಿರುತ್ತದೆ. ಅವರ ದೇಹ ಇನ್ನೂ ಜಗಳಕ್ಕೇ ಇಳಿದಿಲ್ಲ. ಆಗ ಮಾತ್ರೆ ಕೊಟ್ಟರೆ ವೈರಸ್ ಇಳಿಯುತ್ತದೆ, ಇ ಆ್ಯಂಟಿಜೆನ್ ಹೋಗುವುದು ಅಪರೂಪ. ಹಾಗಂತ ಎಸ್‌ಜಿಪಿಟಿ ಏರಿದರೆ ಒಳ್ಳೆಯದು ಎಂದು ಮನೆಯಲ್ಲಿ ಕೂರುವಂತಿಲ್ಲ. ಕಣ್ಣು ಹಳದಿಯಾಗಿ, ರಕ್ತ ಹೆಪ್ಪುಗಟ್ಟುವುದು ನಿಧಾನವಾದರೆ ಅದೇ ದಾಳಿ ಜೀವ ತೆಗೆಯಬಲ್ಲದು. ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ.

ಮೊದಲು ಹೇಳಿದ ಐಪಿ-10 ಇಲ್ಲಿ ಪೂರ್ತಿ ಉಲ್ಟಾ ಹೊಡೆಯುತ್ತದೆ. ಸಿಯಲ್ಲಿ ಅದು ಹೆಚ್ಚಿದ್ದರೆ ಇಂಟರ್‌ಫೆರಾನ್ ಹಿಡಿಯುವುದು ಕಡಿಮೆ. ಬಿಯಲ್ಲಿ ಅದು ಹೆಚ್ಚಿದ್ದವರಿಗೆ ಇಂಟರ್‌ಫೆರಾನ್ ಕೊಟ್ಟಾಗ ಇ ಆ್ಯಂಟಿಜೆನ್ ಹೋಗುವ ಸಾಧ್ಯತೆ ಹೆಚ್ಚು ಎಂದು ಅಧ್ಯಯನಗಳು ಕಂಡಿವೆ. ಸಿ ವೈರಸ್ ಇಂಟರ್‌ಫೆರಾನ್ ಎಚ್ಚರಿಕೆಯನ್ನು ಹೊಡೆದೆಬ್ಬಿಸುತ್ತದೆ, ಬಿ ವೈರಸ್ ಯಾರಿಗೂ ತಿಳಿಯದ ಹಾಗೆ ಬಂದು ಕೂರುತ್ತದೆ. ಬಿಯಲ್ಲಿ ಐಪಿ-10 ಏರಿದೆ ಎಂದರೆ ಪಡೆ ಈಗ ಎದ್ದಿದೆ ಎಂದರ್ಥ. ಅದೇ ರಾಸಾಯನಿಕ, ಅದೇ ಔಷಧಿ, ವೈರಸ್ ಬೇರೆ, ಅರ್ಥ ಬೇರೆ. ಯಾವ ಕಾಯಿಲೆ, ಯಾವ ಔಷಧಿ ಎಂದು ಹೇಳದೆ 'ಈ ಸೂಚಕ ಒಳ್ಳೆಯದು' ಎಂದರೆ ಅದಕ್ಕೆ ಅರ್ಥವೇ ಇಲ್ಲ.

ಪಡೆ ಯಾಕೆ ಸೋಲುತ್ತದೆ ಎನ್ನುವುದೂ ಈಗ ಸಾಕಷ್ಟು ಗೊತ್ತಾಗಿದೆ. ವರ್ಷಗಟ್ಟಲೆ ಒಂದೇ ವೈರಸ್ ಎದುರಿಗಿದ್ದರೆ ಟಿ ಕೋಶಗಳು (ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು) ದಣಿಯುತ್ತವೆ. ಅವುಗಳ ಮೈಮೇಲೆ ಅವುಗಳ ಕೆಲಸ ನಿಲ್ಲಿಸುವ ಪಿಡಿ-1 ಎಂಬ ಸ್ವಿಚ್ಚು ಮೂಡುತ್ತದೆ. ಹೈದರಾಬಾದಿನಲ್ಲಿ ಹುಟ್ಟಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ರಫಿ ಅಹ್ಮದ್ ಅವರ ತಂಡ 2006ರಲ್ಲಿ ಇಲಿಗಳಲ್ಲಿ ಈ ಸ್ವಿಚ್ಚನ್ನು ತಡೆದಾಗ ದಣಿದ ಟಿ ಕೋಶಗಳು ಮತ್ತೆ ಕೆಲಸಕ್ಕೆ ಇಳಿದವು. ಆಮೇಲೆ ಹೆಪಟೈಟಿಸ್ ಬಿ, ಸಿ ರೋಗಿಗಳ ಟಿ ಕೋಶಗಳಲ್ಲೂ ಇದೇ ದಣಿವು ಕಂಡಿತು. ಇದನ್ನು ಅಳೆಯಲು ಫ್ಲೋ ಸೈಟೋಮೀಟರ್ ಯಂತ್ರ ಬೇಕು, ತಾಜಾ ರಕ್ತ ಬೇಕು, ನುರಿತ ಕೈ ಬೇಕು. ಅದೂ ಅಲ್ಲದೆ ನಿಜವಾದ ಕಾದಾಟ ಲಿವರಿನೊಳಗೆ ನಡೆಯುತ್ತಿರುತ್ತದೆ. ತೋಳಿನ ರಕ್ತದಲ್ಲಿ ಓಡಾಡುವ ಕೋಶಗಳು ಅದನ್ನು ಪೂರ್ತಿ ತೋರಿಸುವುದಿಲ್ಲ. ಸದ್ಯಕ್ಕೆ ಇದು ಸಂಶೋಧನೆಯ ಸಾಧನ. ಇದನ್ನು ಮಾಡಿಸಿ ಎಂದು ರೋಗಿಗೆ ಹೇಳುವ ಕಾಲ ಬಂದಿಲ್ಲ.

ಕೆಲಸಕ್ಕೆ ಬರುವುದು ಸರಳವಾದದ್ದೇ: ಎಚ್‌ಬಿಎಸ್‌ಎಜಿ ಇದೆಯೋ ಇಲ್ಲವೋ ಎನ್ನುವುದರ ಬದಲು ಎಷ್ಟಿದೆ ಎಂದು ಅಳೆಯುವುದು. ಇದು ವೈರಸ್ಸಿನದೇ ಪ್ರೋಟೀನು ನಿಜ. ಆದರೆ ಅದು ಇಳಿಯುವ ವೇಗ ದೇಹದ ಹಿಡಿತ ಎಷ್ಟು ಎಂದು ತೋರಿಸುತ್ತದೆ. ಇಂಟರ್‌ಫೆರಾನ್ ಶುರುಮಾಡಿದ ಜೀನೋಟೈಪ್ ಡಿ ರೋಗಿಯಲ್ಲಿ, ಇ ಆ್ಯಂಟಿಜೆನ್ ಇಲ್ಲದಿದ್ದಾಗ, 12ನೇ ವಾರಕ್ಕೆ ಈ ಪ್ರಮಾಣ ಒಂದಿಷ್ಟೂ ಇಳಿಯದೆ, ವೈರಲ್ ಲೋಡ್ ಕೂಡ ನೂರು ಪಟ್ಟು ಇಳಿಯದಿದ್ದರೆ ಚಿಕಿತ್ಸೆ ನಿಲ್ಲಿಸಿ ಎನ್ನುತ್ತವೆ ಮಾರ್ಗಸೂಚಿಗಳು. ಅವರಿಗೆ ಮುಂದೆ ಹಿಡಿಯುವ ಸಾಧ್ಯತೆ ಬಹಳ ಕಡಿಮೆ. ಇನ್ನೂ 36 ಇಂಜೆಕ್ಷನ್ನಿನ ಸಂಕಟ, ಖರ್ಚು ಎರಡೂ ಉಳಿಯುತ್ತವೆ. ಒಂದು ಸೂಚಕ ಹೀಗೆ ಉಪಯೋಗಕ್ಕೆ ಬರಬೇಕು.

ಹೊಸ ಔಷಧಿಗಳಲ್ಲೂ ಇದೇ ಅಳತೆ ಮುಂದೆ ಬಂದಿದೆ. ಬೆಪಿರೋವಿರ್‌ಸೆನ್ ವೈರಸ್ಸಿನ ಆರ್‌ಎನ್‌ಎಗೆ ಅಂಟಿಕೊಂಡು ಅದನ್ನು ಒಡೆಸುತ್ತದೆ, ಜೊತೆಗೆ ರೋಗನಿರೋಧಕ ಪಡೆಯನ್ನೂ ತಟ್ಟಿ ಎಬ್ಬಿಸುತ್ತದೆ. 2022ರಲ್ಲಿ ಪ್ರಕಟವಾದ ಎರಡನೇ ಹಂತದ ಪ್ರಯೋಗದಲ್ಲಿ 24 ವಾರ ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 9–10 ಜನರಿಗೆ ಔಷಧಿ ನಿಂತು 24 ವಾರದ ಮೇಲೂ ಎಚ್‌ಬಿಎಸ್‌ಎಜಿ, ವೈರಸ್ ಎರಡೂ ಸಿಗಲಿಲ್ಲ. ಶುರುವಿನಲ್ಲೇ ಎಚ್‌ಬಿಎಸ್‌ಎಜಿ ಕಡಿಮೆ ಇದ್ದವರಿಗೆ ಹೆಚ್ಚು ಹಿಡಿಯಿತು.

ಸೂಚಕ ಯಾವಾಗ ಮೋಸ ಮಾಡುತ್ತದೆ

ನೆಲನೆಲ್ಲಿಯ ಕಥೆ ಇಲ್ಲಿ ಹೇಳಲೇಬೇಕು. ಕಾಮಾಲೆಗೆ ನಾಟಿ ಔಷಧಿ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವ ಗಿಡ ಅದು. ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಅದನ್ನು ಹೆಪಟೈಟಿಸ್ ಬಿ ಇರುವವರಿಗೆ ಕೊಟ್ಟು, 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಲೇಖಕರಲ್ಲಿ ಬರೂಚ್ ಬ್ಲಂಬರ್ಗ್ ಕೂಡ ಇದ್ದರು. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದವರು ಅವರೇ. ಗಿಡದ ಪುಡಿ ಪಡೆದ 37 ಜನರಲ್ಲಿ 22 ಜನರ ಎಚ್‌ಬಿಎಸ್‌ಎಜಿ ಮಾಯವಾಗಿತ್ತು. ಬರೀ ಸಮಾಧಾನದ ಪುಡಿ ಪಡೆದ 23 ಜನರಲ್ಲಿ ಒಬ್ಬರದ್ದು ಮಾತ್ರ. ಜಗತ್ತೇ ಕಿವಿ ನಿಮಿರಿಸಿತು. ಆಮೇಲೆ ಥಾಯ್ಲೆಂಡ್ ಮುಂತಾದ ಕಡೆ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಬರಲಿಲ್ಲ. ಸಂಶೋಧಕರು ಪ್ರಾಮಾಣಿಕರು, ಪತ್ರಿಕೆ ದೊಡ್ಡದು, ಅಳತೆಯೂ ಸರಿಯಾದದ್ದು. ಆದರೂ ಅರವತ್ತು ಜನರ ಒಂದು ಅಧ್ಯಯನ ಸಾಲದು. ಈಗಲೂ ಮಾತ್ರೆ ಬಿಟ್ಟು ಪುಡಿ ಹಿಡಿಯುವವರನ್ನು ನೋಡಿದರೆ ಸಂಕಟವಾಗುತ್ತದೆ.

ಇವತ್ತು ಬರುವ ಎಷ್ಟೋ ಸೂಚಕ ಅಧ್ಯಯನಗಳ ಗಾತ್ರವೂ ಅಷ್ಟೇ. ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ, ರೋಗನಿರೋಧಕ ಕೋಶಗಳು ಬಿಡುವ ಹತ್ತಾರು ಸೈಟೋಕೈನ್ ರಾಸಾಯನಿಕಗಳ ಪಟ್ಟಿ, ಎಲ್ಲದರಲ್ಲೂ 'ವಾಸಿಯಾದವರ ಸರಾಸರಿ ಬೇರೆ, ಆಗದವರ ಸರಾಸರಿ ಬೇರೆ' ಎಂಬ ಗ್ರಾಫು. ಸರಾಸರಿ ಬೇರೆ ಇದ್ದ ಮಾತ್ರಕ್ಕೆ ಎದುರಿಗೆ ಕೂತ ಒಬ್ಬ ರೋಗಿಯ ಬಗ್ಗೆ ಏನೂ ಗೊತ್ತಾಗದೆ ಇರಬಹುದು. ಲೆಕ್ಕ ಹಾಕಿ ನೋಡಿ. ನೂರು ಜನರಲ್ಲಿ 10 ಜನರಿಗೆ ಔಷಧಿ ಹಿಡಿಯುತ್ತದೆ ಎನ್ನಿ. ಸೂಚಕ ಎರಡೂ ಕಡೆ ನೂರಕ್ಕೆ 70 ಸಲ ಸರಿ ಹೇಳುತ್ತದೆ ಎನ್ನಿ. ಆ ಹತ್ತರಲ್ಲಿ 7 ಜನರಿಗೆ 'ಹಿಡಿಯುತ್ತದೆ' ಎನ್ನುತ್ತದೆ. ಉಳಿದ 90ರಲ್ಲಿ 27 ಜನರಿಗೂ ತಪ್ಪಾಗಿ ಹಾಗೆಯೇ ಎನ್ನುತ್ತದೆ. ಒಟ್ಟು 34 ಜನ ಆಸೆ ಹೊತ್ತು ಹೋಗುತ್ತಾರೆ. ಅವರಲ್ಲಿ 7 ಜನರಿಗೆ ಮಾತ್ರ ಅದು ನಿಜ. ಇಂಥ ಟೆಸ್ಟಿಗೆ ಸಾವಿರಾರು ರೂಪಾಯಿ ಕೊಡುವ ಬದಲು ಅದೇ ದುಡ್ಡಲ್ಲಿ ವೈರಲ್ ಲೋಡ್ ಮಾಡಿಸಿ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಫೈಬ್ರೋಸ್ಕ್ಯಾನ್ ಮಾಡಿಸುವುದು ಮೇಲು.

ಇನ್ನೊಂದು ಮೋಸ ರೋಗಿಯ ಕೈಯಲ್ಲೇ ಆಗುತ್ತದೆ. ಬಿಗೆ ಮಾತ್ರೆ ತಗೊಂಡು ಎಸ್‌ಜಿಪಿಟಿ ನಾರ್ಮಲ್ ಆದ ಕೂಡಲೇ ಇನ್ನು ಸಾಕು ಎಂದು ನಿಲ್ಲಿಸಿಬಿಡುವುದು. ಮಾತ್ರೆ ನಿಲ್ಲಿಸಬಹುದಾದವರು ಇದ್ದಾರೆ ನಿಜ. ನಿಲ್ಲಿಸುವ ಹೊತ್ತಿಗೆ ಎಚ್‌ಬಿಎಸ್‌ಎಜಿ 100ಕ್ಕಿಂತ ಕೆಳಗಿದ್ದರೆ ಅದು ಪೂರ್ತಿ ಮಾಯವಾಗುವ ಸಾಧ್ಯತೆ ಹೆಚ್ಚು ಎಂದು ಏಷ್ಯಾದ ಅಧ್ಯಯನಗಳು ಕಂಡಿವೆ. ಆದರೆ ಅದು ಸಿರೋಸಿಸ್ ಇಲ್ಲದವರಿಗೆ, ತಜ್ಞರ ಕಣ್ಗಾವಲಿನಲ್ಲಿ, ಮೊದಲ ತಿಂಗಳುಗಳಲ್ಲಿ ಪದೇ ಪದೇ ರಕ್ತ ಪರೀಕ್ಷೆ ಮಾಡಿಸುತ್ತಾ. ತಾವಾಗಿ ನಿಲ್ಲಿಸಿದವರಲ್ಲಿ ವೈರಸ್ ಒಮ್ಮೆಲೇ ಮರಳಿ, ಲಿವರ್ ಕೈಕೊಟ್ಟು ಸತ್ತವರಿದ್ದಾರೆ.

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ, ಸಿ ಎರಡಕ್ಕೂ ಪರೀಕ್ಷೆ, ಮಾತ್ರೆ ಉಚಿತ. ಜಿಲ್ಲೆಯ ಸರಕಾರಿ ಆಸ್ಪತ್ರೆಯಲ್ಲಿ ಕೇಳಿದರೆ ಹತ್ತಿರದ ಚಿಕಿತ್ಸಾ ಕೇಂದ್ರ ಗೊತ್ತಾಗುತ್ತದೆ. 2022ರ ಲೆಕ್ಕದಲ್ಲಿ, ಜಗತ್ತಿನ ಮಟ್ಟದಲ್ಲಿ ಹೆಪಟೈಟಿಸ್ ಬಿ ಇದ್ದವರಲ್ಲಿ ಕಾಯಿಲೆ ಇದೆ ಎಂದು ಗೊತ್ತಿದ್ದವರೇ ನೂರಕ್ಕೆ 13 ಜನ. ಚಿಕಿತ್ಸೆ ಸಿಕ್ಕವರು 3 ಜನ. ಟಿ ಕೋಶ ದಣಿದಿದೆಯೋ ಇಲ್ಲವೋ ಎನ್ನುವ ಪ್ರಶ್ನೆಗೂ ಮುಂಚಿನ ಪ್ರಶ್ನೆ ಇದು.

ಮನೆಯಲ್ಲಿ ಒಬ್ಬರಿಗೆ ಬಿ ಪಾಸಿಟಿವ್ ಬಂದರೆ ಹೆಂಡತಿ ಅಥವಾ ಗಂಡ, ಮಕ್ಕಳು, ಒಡಹುಟ್ಟಿದವರು ಎಲ್ಲರೂ ಪರೀಕ್ಷೆ ಮಾಡಿಸಬೇಕು. ನೆಗೆಟಿವ್ ಬಂದವರಿಗೆ ಲಸಿಕೆ. ಎಲ್ಲ ರೋಗನಿರೋಧಕ ಸೂಚಕಗಳಲ್ಲಿ ನಾನು ಕಣ್ಣುಮುಚ್ಚಿ ನಂಬುವುದು ಇಲ್ಲಿರುವ ಒಂದನ್ನೇ: ಆ್ಯಂಟಿ-ಎಚ್‌ಬಿಎಸ್, ಅಂದರೆ ಎಚ್‌ಬಿಎಸ್‌ಎಜಿ ವಿರುದ್ಧದ ಪ್ರತಿಕಾಯ. ಮೂರು ಡೋಸ್ ಮುಗಿದು ಒಂದೆರಡು ತಿಂಗಳಾದ ಮೇಲೆ ಅದು 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಇದೆ ಎಂದರ್ಥ. ಕಡಿಮೆ ಬಂದರೆ ಇನ್ನೊಂದು ಸುತ್ತು ಲಸಿಕೆ ಹಾಕಿಸಬಹುದು. ತಾಯಿಗೆ ಸೋಂಕಿದ್ದರೆ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಬೀಳಲೇಬೇಕು, ಜೊತೆಗೆ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಸಿಕ್ಕರೆ ಇನ್ನೂ ಒಳ್ಳೆಯದು. ದೊಡ್ಡವರಾದ ಮೇಲೆ ಸೋಂಕು ತಗುಲಿದವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನರ ದೇಹ ತಾನೇ ವೈರಸ್ಸನ್ನು ಹೊರಗಟ್ಟುತ್ತದೆ. ಹುಟ್ಟುವಾಗ ಸೋಂಕು ತಗುಲಿದ ಕೂಸುಗಳಲ್ಲಿ ನೂರಕ್ಕೆ ಸುಮಾರು 90ರಲ್ಲಿ ಅದು ಜೀವನಪೂರ್ತಿ ಉಳಿದುಬಿಡುತ್ತದೆ.